ಕಿರುಬೆರಳು

ಬಾಗಲಕೋಟಿ ನವನಗರ, ಸೆಕ್ಟರ್ ನಲವತ್ತೆರಡು,
ಹಿಟ್ಟಿನ ಗಿರಣಿ ಮ್ಯಾಲಿನ ಖೋಲಿ. ಬೋರ್ಡು ಇನ್ನೂ ಐತಿ:
ಟೈಪಿಂಗ್ ಕಲಿಸಲಾಗುವುದು. ಇಂಗ್ಲಿಷ್, ಕನ್ನಡ. ಜೂನಿಯರ್, ಸೀನಿಯರ್.
ಕಲಿಯೋರು ಬರದ ಮೂರು ವರ್ಷ ಆತು.
ಹನ್ನೊಂದು ಮಶೀನು ಹೊದಿಕಿ ಹೊದ್ದು ಮಲಗ್ಯಾವ;
ಕೆಳಗ ಗಿರಣಿ ಸುರುವಾದಾಗಷ್ಟ ನಡುಗಿ
ಒಂದೆರಡು ಅಕ್ಷರ ತಾವ ಎದ್ದು ಕೂಡತಾವ.

ನಂಗೀಗ ಐವತ್ತೇಳು.
ರಾತ್ರಿ ಗಿರಣಿ ಬಂದಾದ ಮ್ಯಾಲ
ನಾನೂ ಒಬ್ಬಾಕಿ ವಿದ್ಯಾರ್ಥಿನಿ.
ಕಡಲಾಚಿ ಒಂದು ವಿಶ್ವವಿದ್ಯಾಲಯ, ಪುಕ್ಕಟೆ,
ಹೆಸರು ಹಚ್ಚಿದ್ರ ಸಾಕು.
ಹುಟ್ಟಿದ ಇಸವಿ ಕೇಳಿದ್ರು.
ಬೆರಳಿಲೆ ಜಗ್ಗಿ ಜಗ್ಗಿ ಕೆಳಗ ಇಳಿಸಿದೆ,
ಬಾವಿಗೆ ಹಗ್ಗ ಬಿಟ್ಟಂಗ.

ಮಾಸ್ತರ ತಲಿ ನೆರತೈತಿ, ಅಂಗಿ ತೋಳಿಗೆ ಖಡುವಿನ ಪುಡಿ.
ಮಾತು ಮಾತ್ರ ಬಸ್ಸು ತಪ್ಪತೈತಿ ಅನ್ನೋರ ಹಂಗ.
ಮುಕ್ಕಾಲು ವೇಗಕ್ಕ ಇಳಿಸಿ ಕೇಳತೀನಿ,
ಆಗ ಅವರು ಸ್ವಲ್ಪ ಕುಡದಾರ ಅನಸತೈತಿ.
ತಪ್ಪಾತ್ರಿ ಸರ್ ಅಂತ ಒಬ್ಬಾಕಿನ ನಕ್ಕು
ಮತ್ತ ಬರಕೋತೀನಿ.

ಮೊದಲನೇ ವಾರ ಅವರಂದ್ರು:
ಸಾಲಿನ ಕಡೀಕ ಸೆಮಿಕೋಲನ್, ಮರೀಬ್ಯಾಡ್ರಿ.
ನನ್ನ ಬಲಗೈ ನಾನ ನೋಡಿಕೊಂಡೆ.
ಎ ಎಸ್ ಡಿ ಎಫ್ ಜಿ ಎಫ್
ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ
ಮೂವತ್ತೊಂದು ವರ್ಷ, ಎರಡು ತಾಲೂಕಿನ ಹುಡುಗೂರ
ಕಿರುಬೆರಳು ಹಿಡಿದು ಹಿಡಿದು
ಆ ಗುಂಡಿ ಮ್ಯಾಲ ಕೂಡಿಸೀನಿ.
ಅದು ಅಲ್ಲಿ ಯಾಕೈತ್ರಿ ಅಂತ ಒಬ್ಬರೂ ಕೇಳಲಿಲ್ಲ,
ಕೇಳಿದ್ರ ನಂಗೂ ಗೊತ್ತಿರಲಿಲ್ಲ.
ಕೋರ್ಟಿನ ಕಾಗದದಾಗೂ ಅದಕ್ಕ ಕೆಲಸ ಕಮ್ಮಿ;
ಬೀಗರ ಮನ್ಯಾಗ ಕುಂತ ಹಿರೇರ ಹಂಗ
ಸುಮ್ಮನ ಇತ್ತು, ಮರ್ಯಾದಿಗೆ.

ಮೂರನೇ ವಾರ: ಎಣಿಕಿ ಸೊನ್ನೆಯಿಂದ.
ಸಾಲಾಗಿ ಖಾನೆ ಇದ್ರ ಮೊದಲನೇದು ಒಂದಲ್ಲ, ಸೊನ್ನೆ.
ತಲೀಗೆ ಹೋಗಲಿಲ್ಲ. ನಾಕು ಸಲ ಹಿಂದಕ್ಕ ಎಳದು ಕೇಳಿದೆ.
ನಮ್ಮೂರ ಎದ್ದು ನಿಂತಿದ್ದು ಒಂದನೇ ಸೆಕ್ಟರಿನಿಂದ.
ನಮ್ಮವ್ವ ಜೋಳ ಅಳೆಯೋವಾಗ, ಹೌದು,
ಒಂದು ಅಂತಿದ್ದಿಲ್ಲ, ಲಾಭ ಅಂತಿದ್ಲು,
ಆಮ್ಯಾಲ ಎರಡು, ಮೂರು.
ಆದ್ರ ಸೊನ್ನೆ?

ಹಲ್ಲು ತಿಕ್ಕೋವಾಗ ಹೊಳೀತು.
ಹಿನ್ನೀರು ಏರಿದ ವರ್ಷ ಹಳೇ ಪ್ಯಾಟಿಯಿಂದ
ಟ್ರ್ಯಾಕ್ಟರಿನಾಗ ಮಶೀನು ತಂದ್ವಿ,
ಬೆನ್ನಿಗೆ ಕೆಂಪು ಬಣ್ಣದಲೆ ನಂಬರ್ ಬರದು, ಒಂದರಿಂದ ಹನ್ನೊಂದು.
ಉರುಳಿ ಸೀಳಿದ್ದ ಒಂದಕ್ಕ ಬರೀಲಿಲ್ಲ.
ಮೊದಲ ಪಗಾರದಾಗ ಕೊಂಡದ್ದು ಅದನ್ನ, ಸೆಕೆಂಡ್ ಹ್ಯಾಂಡು.
ಗ್ವಾಡಿ ಗೂಡಿನಾಗ ಇಟ್ಟು ಬಾಗಿಲಾ ಎಳಕೊಂಡು ಬಂದೆ,
ಕೀಲಿ ಯಾಕ ಹಾಕಿದ್ನೋ.
ಈಗ ಅಲ್ಲಿ ಮೀನ ಅದಾವ.
ಬಾಯಾಗ ಪೇಸ್ಟಿನ ನೊರಿ ಇಟಗೊಂಡ
ಅದಕ್ಕೊಂದು ನಂಬರ್ ಕೊಟ್ಟೆ.

ಕೋರ್ಸು ಮುಗೀತು. ಹತ್ತರಾಗ ಎಂಟು.
ಕಲಿಯೋದು ಪುಕ್ಕಟೆ, ಸರ್ಟಿಫಿಕೇಟಿಗೆ ರೊಕ್ಕ, ಅದೂ ಡಾಲರಿನಾಗ.
ಸಾವಿರ ಮಂದಿಗೆ ಸರ್ಟಿಫಿಕೇಟ್ ಬರಕೊಟ್ಟಾಕಿ ನಾ,
ಒಂದು ಕಾಗದದ ರುಚಿ ನಂಗೊತ್ತಿಲ್ಲೇನು?
ಆಸೆ ಆಗಲಿಲ್ಲ ಅಂದ್ರ ಸುಳ್ಳಾಗತೈತಿ.
ಎರಡು ದಿನ ಆ ಪುಟ ತಗದು ಮುಚ್ಚಿ, ತಗದು ಮುಚ್ಚಿ,
ಕಡೀಗೆ ನಾಕನೇ ನಂಬರಿನ ಹೊದಿಕಿ ಎತ್ತಿದೆ.
ನಮ್ಮ ಸಂಸ್ಥೆ ಲೆಟರ್‌ಹೆಡ್ ಮ್ಯಾಲ
ನನ್ನ ಪ್ರೋಗ್ರಾಮು ಟೈಪ್ ಮಾಡಿದೆ, ಇಪ್ಪತ್ತೆರಡು ಸಾಲು.
ಸೊಂಟ ಬಳುಕಿದ ಆ ಕಂಸ ಹಳೇ ಮಶೀನಿನಾಗ ಇಲ್ಲ;
ಜಾಗಾ ಬಿಟ್ಟು, ಪೆನ್ನಿಲೆ ತೀಡಿದೆ,
ಎದ್ದು ನಿಂತ ಮೀಸಿ ಹಂಗ.

ಗಿರಣಿ ಹುಡುಗ ದಾವಲ, ಪಾಲಿಟೆಕ್ನಿಕ್ಕಿಗೆ ಹೋಗತಾನ,
ಹಿಟ್ಟಿನ ಡಬ್ಬಿ ಕೊಡಾಕ ಬಂದಾವ ಗ್ವಾಡಿ ಮುಂದ ನಿಂತ.
ಓದಿದ. ಹುಬ್ಬಿನ ಮ್ಯಾಲೂ ಹಿಟ್ಟು.
ಬಾಯಾರ, ಅಂದ, ಏಳನೇ ಸಾಲಿಗೆ
ಸೆಮಿಕೋಲನ್ ಇಲ್ಲಲ್ರಿ.

ಪೆನ್ನು ಚಾಚಿದ. ಬ್ಯಾಡ, ಅಂದೆ, ನಿಂದ್ರು.
ಕಾಗದ ಬಿಡಿಸಿ, ಮತ್ತ ಉರುಳಿಗೆ ಸುತ್ತಿ,
ಏಳನೇ ಸಾಲು ಕಣ್ಣಳತಿಗೆ ತಂದು
ಕಿರುಬೆರಳು ಎತ್ತಿದೆ.